ಉಡಚವ್ವ ಆರಿಸಿದ ಬೀಜ

ನನ್ನ ಸಿಟ್ಟು ಧಾರವಾಡದ ನಮ್ಮ ಓಣಿಗೆಲ್ಲ ಗೊತ್ತು. ಹಾಲಿನವನ ಜೊತೆ ಜಗಳ, ಟಪಾಲಿನವನ ಜೊತೆ ಜಗಳ. ಹೆಂಡತಿ ಅಂಬಾಬಾಯಿಗೆ ಇದೆಲ್ಲ ರೂಢಿಯಾಗಿದೆ. ಆದರೆ ಉಡಚವ್ವನ ನೆನಪಾದ ದಿನ ನಾನು ಯಾರ ಜೊತೆಗೂ ಜಗಳಾಡುವುದಿಲ್ಲ. ಅಂದು ನನ್ನ ಸಿಟ್ಟಿಗೆ ನಾನೊಬ್ಬನೇ ಸಾಕು.

1959ರಲ್ಲಿ ಗ್ರಾಮಸೇವಕನಾಗಿ ಸುಳ್ಳ ಗ್ರಾಮದ ಆಚೆಗಿನ ಒಂದು ಹಳ್ಳಿಗೆ ಹೋದೆ. ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿಯವರು ಈಗಲೂ ಹುಬ್ಬಳ್ಳಿ ಬಸ್ಸಿನಲ್ಲಿ ಸಿಗುತ್ತಾರೆ, ಎದ್ದು ಜಾಗ ಬಿಟ್ಟುಕೊಡುತ್ತಾರೆ. ರೈತರಿಗೆ ಹೊಸ ಬೇಸಾಯ ಕಲಿಸುವುದು ನನ್ನ ನೌಕರಿ. ಎಳೆಯ ಗಿಡ ನೋಡಿ ಎಳ್ಳು ಯಾವುದು ಗುರೆಳ್ಳು ಯಾವುದು ಎಂದು ಹೇಳಲಾರದ ನಾನು ಕಲಿಸುವವನು, ಹುಟ್ಟಿದಾಗಿನಿಂದ ಮಣ್ಣಿನಲ್ಲಿದ್ದವರು ಕಲಿಯುವವರು. ಸರಕಾರದ ಲೆಕ್ಕ ಹಾಗಿತ್ತು.

ಉಡಚವ್ವ ಕೇರಿಯವಳು. ಊರಿನ ಕೆಳಗಿನ ಮಗ್ಗುಲಿನಲ್ಲಿದ್ದ ಹದಿನಾರು ಮನೆಗಳಿಗೆ ಎಲ್ಲರೂ ಬರೀ ಕೇರಿ ಎನ್ನುತ್ತಿದ್ದರು, ಉಳಿದದ್ದು ಊರು. ಆಗ ಆಕೆಗೆ ಐವತ್ತು ದಾಟಿತ್ತು. ಗಂಡ ಯಮನಪ್ಪ ಉಬ್ಬಸದವನು, ಹೊಸ್ತಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಮಕ್ಕಳಿರಲಿಲ್ಲ. ಹಳ್ಳದ ದಂಡೆಗೆ ಎರಡು ಎಕರೆ ಹೊಲ ಇತ್ತು. ಅದು ಅವರಿಬ್ಬರಿಗೆ ಅರ್ಧ ವರ್ಷಕ್ಕೆ ಸಾಲುತ್ತಿತ್ತು. ಇನ್ನರ್ಧ ವರ್ಷ ಅವರು ಬದುಕಿದ್ದು ಆಕೆಯ ಕಣ್ಣಿನಿಂದ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಜೋಳ ಮಾಗಿದ ಮೇಲೆ ಯಾವ ಹೊಲಕ್ಕೂ ಮೊದಲು ಕುಡುಗೋಲು ಹೋಗುತ್ತಿರಲಿಲ್ಲ, ಉಡಚವ್ವ ಹೋಗುತ್ತಿದ್ದಳು. ಸಾಲು ಸಾಲು ನಡೆದು, ಮುಂದಿನ ವರ್ಷದ ಬಿತ್ತಿಗೆಗೆ ಬೇಕಾದ ತೆನೆಗಳನ್ನು ಆರಿಸಿ ಮುರಿದುಕೊಡುತ್ತಿದ್ದಳು. ಆಮೇಲೆ ಕೊಯ್ಲು. ಅದಕ್ಕೆ ಕೂಲಿ ಒಂದು ಉಡಿ ತುಂಬ ತೆನೆ. ಇಪ್ಪತ್ತೆರಡು ಮನೆಯ ಹೊಲಗಳು, ಇಪ್ಪತ್ತೆರಡು ಉಡಿ. ಆಕೆಯ ಅತ್ತೆಯೂ ಅದನ್ನೇ ಮಾಡಿದ್ದಳಂತೆ.

ಒಮ್ಮೆ ನಾನೂ ಬೆನ್ನು ಹತ್ತಿದೆ. ಬದುವಿನ ಮಗ್ಗುಲಿಗೆ ಮುಷ್ಟಿಗಿಂತ ದೊಡ್ಡ ತೆನೆಯೊಂದಿತ್ತು. ಜಾಣನಂತೆ ತೋರಿಸಿದೆ. ಆಕೆ ಅದರ ಕಡೆ ನೋಡಲೂ ಇಲ್ಲ.

"ಅದು ಬ್ಯಾಡ್ರಿ, ರಾಯರ. ಬದುವಿಗೆ ನಿಂತದ್ದಕ್ಕ ಗಾಳಿ, ಬಿಸಲು, ಗೊಬ್ಬರ ಎಲ್ಲಾ ಪುಗಸಟ್ಟೆ ಸಿಗತೈತಿ, ಬೆಳೀತೈತಿ. ನಟ್ಟ ನಡುವ ನಾಕೂ ಕಡೆ ಜಗ್ಗಾಟ ಮಾಡಿ ತಲಿ ಎತ್ತೇತಲ್ಲ, ಅದನ್ನ ಹಿಡೀಬೇಕು."

ಕಾಲೇಜಿನ ಪುಸ್ತಕದಲ್ಲಿ ಇದನ್ನೇ ನಾಲ್ಕು ಪುಟ ಬರೆದಿದ್ದರು. ನಾನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ.

1965ರಲ್ಲಿ ಹೈಬ್ರಿಡ್ ಜೋಳ ಬಂತು. ತಂದವನು ನಾನೇ. ಊರಿನ ಹಿರಿಯ ರೈತ ನೀಲಪ್ಪಗೌಡರ ಒಂದು ಎಕರೆಯಲ್ಲಿ ಹಾಕಿಸಿದೆ, ಚೀಲದ ಗೊಬ್ಬರ ಸುರಿಸಿದೆ. ಸುಗ್ಗಿಯಲ್ಲಿ ರಾಶಿ ನೋಡಲು ಅಮ್ಮಿನಬಾವಿಯಿಂದಲೂ ಜನ ಬಂದರು. ಅದೇ ವಾರ ಚಾವಡಿಯ ಕಟ್ಟೆಯ ಮೇಲೆ ಸಭೆ ಕೂಡಿಸಿ ಎಲ್ಲ ವಿವರಿಸಿದೆ. ಇದು ಎರಡು ಜಾತಿ ಕೂಡಿಸಿ ಮಾಡಿದ ಬೀಜ, ಇದರ ಕಾಳನ್ನು ತಿರುಗಿ ಬಿತ್ತಿದರೆ ಬೆಳೆ ಕೆಡುತ್ತದೆ, ಪ್ರತಿ ವರ್ಷ ಕಚೇರಿಯಿಂದ ಹೊಸ ಬೀಜ ಕೊಳ್ಳಬೇಕು ಎಂದೂ ಹೇಳಿದೆ. ಹೇಳಿದ್ದು ಖರೆ. ನನ್ನ ದಿನಚರಿಯಲ್ಲಿ ತಾರೀಖು ಸಹಿತ ಇದೆ.

ಮರುವರ್ಷ ಊರೆಲ್ಲ ಹೈಬ್ರಿಡ್. ಸುಗ್ಗಿಗೆ ಉಡಚವ್ವ ಎಂದಿನಂತೆ ಬುಟ್ಟಿ ಹೊತ್ತು ಗೌಡರ ಹೊಲಕ್ಕೆ ಹೋದಳು. ಅರ್ಧ ಹೊಲ ಆಗಲೇ ಕೊಯ್ದಾಗಿತ್ತು. ಆಕೆ ಬದುವಿನ ಮೇಲೆ ನಿಂತೇ ಇದ್ದಳು. ಅಲ್ಲಿಂದ ಇನ್ನೊಂದು ಹೊಲ, ಮತ್ತೊಂದು ಹೊಲ. ಸಂಜೆ ನನ್ನ ಸೈಕಲ್ಲಿಗೆ ಅಡ್ಡ ಬಂದಳು.

"ರಾಯರ, ಈ ಜ್ವಾಳಕ್ಕ ಬೀಜ ಆರಿಸೂದು ಯಾವಾಗ್ರಿ?"

ನನಗೆ ಬಸ್ಸಿಗೆ ಹೊತ್ತಾಗಿತ್ತು. "ಇದಕ್ಕ ಆರಿಸೂದೇನಿಲ್ಲ, ಉಡಚವ್ವ. ಬೀಜ ಕಚೇರಿಯಿಂದ ಬರ್ತದ" ಎಂದೆ.

"ಹಂಗಾದ್ರ ನಂದು?"

"ನಿಂದೇನು?"

ನಾನು ಪೆಡಲ್ ತುಳಿದೆ. ಯಾಕೆ ಆರಿಸಬಾರದು ಎಂದು ಹೇಳಲು ಎರಡು ನಿಮಿಷ ಸಾಕಿತ್ತು, ಹೇಳಲಿಲ್ಲ. ಕಚೇರಿಯವರು ತನ್ನ ಕೆಲಸ ಕಸಿದುಕೊಂಡರು ಎಂದಷ್ಟೇ ಆಕೆ ತಿಳಿದಳು. ಅದೂ ಸುಳ್ಳಲ್ಲ.

ಆ ಒಂದೇ ವರ್ಷದಲ್ಲಿ ಆ ಮನೆ ಒಣಗಿತು. ಇಪ್ಪತ್ತೆರಡು ಉಡಿ ತೆನೆ ಹೋದವು. ಯಮನಪ್ಪನ ಹಗ್ಗಕ್ಕೂ ಗಿರಾಕಿ ಕಡಿಮೆಯಾದರು, ಏಕೆಂದರೆ ಎತ್ತುಗಳೇ ಕಡಿಮೆಯಾದವು. ಹಳೆಯ ಜೋಳ ಆಳೆತ್ತರ ಬೆಳೆದು ಮನೆತುಂಬ ಕಣಿಕೆ ಕೊಡುತ್ತಿತ್ತು. ಹೈಬ್ರಿಡ್ ಸೊಂಟದುದ್ದ. ಮೇವು ಕಡಿಮೆ, ಅದಕ್ಕೆ ಎತ್ತು ಮಾರಿದರು. ಎತ್ತು ಹೋದವು, ತಿಪ್ಪೆ ಬರಿದಾಯಿತು. ತಿಪ್ಪೆ ಬರಿದಾದ್ದಕ್ಕೆ ಮತ್ತಷ್ಟು ಚೀಲದ ಗೊಬ್ಬರ ಬೇಕಾಯಿತು. ಇದನ್ನು ನಾನು ವರದಿಯಲ್ಲಿ ಬರೆಯಲಿಲ್ಲ. ಉಡಚವ್ವ ಒಂದೇ ಮಾತಿನಲ್ಲಿ ಹೇಳಿದ್ದಳು: "ಈ ಜ್ವಾಳ ಮನಷ್ಯಾರಿಗಷ್ಟ ಐತ್ರಿ, ದನಕ್ಕಿಲ್ಲ, ಹೊಲಕ್ಕಿಲ್ಲ."

ಊರವರು ತಮ್ಮ ಹಳೆಯ ಬೀಜವನ್ನೆಲ್ಲ ಬೀಸಿ ತಿಂದು ಮುಗಿಸಿದರು. ಉಡಚವ್ವ ಮಾತ್ರ ತನ್ನ ಎರಡು ಎಕರೆಯಲ್ಲಿ ಹಳೆಯದನ್ನೇ ಬಿತ್ತುತ್ತಿದ್ದಳು. ಬೂದಿ, ಬೇವಿನ ಸೊಪ್ಪು ಹಾಕಿ, ಸಗಣಿ ಸಾರಿಸಿದ ಬುಟ್ಟಿಯಲ್ಲಿ ಅದರ ಬೀಜ ಇಡುತ್ತಿದ್ದಳು. ಊರು ಒಂದು ದಿನ ಇದನ್ನು ಕೇಳಿಕೊಂಡು ಬಂದೇ ಬರುತ್ತದೆ ಎಂದು ಗಂಡನಿಗೆ ಹೇಳುತ್ತಿದ್ದಳಂತೆ.

1967ರ ಸುಗ್ಗಿಯಲ್ಲಿ ಊರು ಬಂತು, ಆದರೆ ಅದನ್ನು ಕೇಳಿಕೊಂಡಲ್ಲ. ಕಚೇರಿಯ ಬೀಜ ತುಟ್ಟಿಯಾಗಿತ್ತು. ನೀಲಪ್ಪಗೌಡರು ಉಡಚವ್ವನನ್ನು ಕರೆಸಿ, ನಿಂತ ಹೈಬ್ರಿಡ್ ಬೆಳೆಯಲ್ಲಿ ತೆನೆ ಆರಿಸಿಕೊಡು ಎಂದರು. ಅವರನ್ನು ನೋಡಿ ಇನ್ನೂ ಏಳು ಮನೆಯವರು ಕರೆದರು. ಅಂದು ದಾರಿಯಲ್ಲಿ ಉಡಚವ್ವ ಎದುರಾದಳು. ಉಡಿ ತುಂಬಿತ್ತು, ಮುಖ ಅರಳಿತ್ತು. ಕೊಯ್ಲಿನ ಕೂಲಿ ಇರಬೇಕೆಂದು ತಿಳಿದು ನಾನೂ ಖುಷಿಪಟ್ಟೆ. ನಿಂತು ಕೇಳಲಿಲ್ಲ.

ಕೆಲಸ ತಿರುಗಿ ಸಿಕ್ಕ ಉಮೇದಿನಲ್ಲಿ ಆಕೆ ತನ್ನ ಹೊಲಕ್ಕೂ ಕೂಲಿಗೆ ಬಂದ ಅದೇ ಹೈಬ್ರಿಡ್ ಕಾಳು ಬಿತ್ತಿದಳು. ಮುಂದಿನ ಆಷಾಢದಲ್ಲಿ ಯಮನಪ್ಪ ಹಾಸಿಗೆ ಹಿಡಿದ. ಮನೆಯಲ್ಲಿ ಒಂದು ಕಾಳಿರಲಿಲ್ಲ, ಹಳೆಯ ಬೀಜದ ಬುಟ್ಟಿಯೊಂದೇ ಇತ್ತು. ಹೊಲದಲ್ಲಿ ಹೊಸದು ಮೊಣಕಾಲುದ್ದ ಹಸಿರಾಗಿ ನಿಂತಿತ್ತು. ಉಡಚವ್ವ ಬುಟ್ಟಿಯ ಬೀಜದ ಬೂದಿ ತೊಳೆದು, ಒಣಗಿಸಿ, ಬೀಸಿದಳು. ಹನ್ನೊಂದು ದಿನ ರೊಟ್ಟಿಯಾಯಿತು. ಯಮನಪ್ಪ ಹನ್ನೆರಡನೆಯ ದಿನ ಹೋದ.

ಭಾದ್ರಪದದಲ್ಲಿ ತೆನೆ ಹಾಯತೊಡಗಿದಾಗ ಊರು ಬೆಚ್ಚಿಬಿತ್ತು. ಒಂದು ಗಿಡ ಆಳೆತ್ತರ, ಪಕ್ಕದ್ದು ಮೊಳದುದ್ದ. ಒಂದಕ್ಕೆ ಕಾಳು ಕಟ್ಟಿದೆ, ಇನ್ನೊಂದು ಈಗ ಹೂ ಬಿಡುತ್ತಿದೆ, ಮತ್ತೊಂದು ಬರೀ ಜೊಳ್ಳು. ಎಂಟು ಮನೆಯ ಹೊಲಗಳೆಲ್ಲ ಹೀಗೇ. ನಾನು ಸೈಕಲ್ ಇಳಿಯುವ ಹೊತ್ತಿಗೆ ಗೌಡರು ಕೇರಿಯ ಬಾಯಲ್ಲಿ ನಿಂತಿದ್ದರು.

"ಛಲೋ ತೆನಿ ನೀ ಮುಚ್ಚಿಟ್ಟುಕೊಂಡಿ, ಕಸಾ ನಮಗ ಕೊಟ್ಟಿ. ಉಣ್ಣಾಕ ಹಾಕಿದ ಕೈ ಕಡಿದಿ."

"ನನ್ನ ಹೊಲಾ ನೋಡ್ರಿ, ಗೌಡ್ರ" ಎನ್ನುತ್ತಿದ್ದಳು ಉಡಚವ್ವ. "ಅದೂ ಹಿಂಗ ಆಗೇತಿ. ಒಂದ ಸಲ ಬಂದು ನೋಡ್ರಿ."

ಯಾರೂ ಹೋಗಿ ನೋಡಲಿಲ್ಲ. ನಾನು ಹೋಗಿ ನೋಡಿದೆ. ಆಕೆ ಹಿಂದೆಯೇ ಬಂದಳು, ಒಂದು ಜೊಳ್ಳು ತೆನೆ ಕೈಯಲ್ಲಿ ಹಿಡಿದು ಕೇಳಿದಳು: "ನಾ ಎಲ್ಲಿ ತಪ್ಪಿದೆ, ರಾಯರ? ನಡುವಿನ ಸಾಲಿನೂವ ಹಿಡಿದೇನಿ. ಒಂದೂ ಬದುವಿನದು ಮುಟ್ಟಿಲ್ಲ."

ಹೇಳಿದೆ. ಈ ಜಾತಿಯ ಕಾಳು ತಿರುಗಿ ಬಿತ್ತಿದರೆ ಹೀಗೇ ಆಗುವುದು, ಬ್ರಹ್ಮ ಬಂದು ಆರಿಸಿದರೂ ಅಷ್ಟೇ, ಇದರಲ್ಲಿ ನಿನ್ನ ತಪ್ಪಿಲ್ಲ ಎಂದೆ. ಆಕೆ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಜೊಳ್ಳು ಊದಿದಳು.

"ಇದನ್ನ ಮೊದಲ ಹೇಳಾಕ ಏನಾಗಿತ್ರಿ?"

"ಹೇಳಿದ್ದೆ. ಚಾವಡಿಯೊಳಗ ಎಲ್ಲಾರ ಮುಂದ ಹೇಳಿದ್ದೆ."

"ನಾವು ಚಾವಡಿ ಹತ್ತೂದಿಲ್ಲಲ್ಲರಿ."

ಒಂಬತ್ತು ವರ್ಷ ಆ ಕಟ್ಟೆಯ ಮೇಲೆ ಕೂತು ಸಭೆ ಮಾಡಿದವನಿಗೆ ಅದು ಹೊಳೆದಿರಲಿಲ್ಲ. ನಾಳೆಯೇ ಚಾವಡಿಯಲ್ಲಿ ನಿನ್ನ ಹೆಸರು ತೊಳೆಯುತ್ತೇನೆ ಎಂದೆ. "ಹೇಳ್ರಿ" ಎಂದಳು. "ನಾ ಕೆಳಗ ನಿಂತು ಕೇಳ್ತೇನಿ. ಹೆಸರೊಂದು ಉಳೀಲಿ, ಮತ್ತೇನೂ ಉಳದಿಲ್ಲ."

ಮರುದಿನ ಹೇಳಿದೆ, ಕೂಗಿಯೇ ಹೇಳಿದೆ. ತಪ್ಪು ಬೀಜದ ಗುಣದ್ದು, ಆಕೆಯದಲ್ಲ ಎಂದೆ. ನೀಲಪ್ಪಗೌಡರು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ ಸಮಾಧಾನದಿಂದ ಕೇಳಿದರು. ಮುಗಿದ ಮೇಲೆ, "ಅದು ನಮಗ ಗೊತ್ತಿತ್ರಿ, ರಾಯರ. ಮೊದಲನೇ ವರ್ಷನ ನೀವು ಹೇಳಿದ್ರಲ್ಲ" ಎಂದರು.

"ಗೊತ್ತಿದ್ದು ಆಕಿ ಕಡಿಂದ ಯಾಕ ಆರಿಸಿದ್ರಿ?"

"ನೋಡೂಣು ಅಂದ್ವಿ. ಆಕಿ ಕೈಗುಣಾ ಛಲೋ ಇತ್ತು. ಬಂದ್ರ ವರ್ಷಾ ಬೀಜದ ರೊಕ್ಕಾ ಉಳೀತಿತ್ತು."

"ಬರದಿದ್ರ?"

ಗೌಡರು ರುಮಾಲು ಸರಿಮಾಡಿಕೊಂಡರು. ಕಟ್ಟೆಯ ಕೆಳಗೆ ಉಡಚವ್ವ ನಿಂತಿದ್ದಳು. ಎಲ್ಲ ಕೇಳಿಸಿತ್ತು. "ಗೊತ್ತಿತ್ತೇನ್ರಿ, ಗೌಡ್ರ?" ಎಂದಳು ಮೆಲ್ಲಗೆ. ಗೌಡರು ನನ್ನ ಕಡೆ ತಿರುಗಿ ಗೊಬ್ಬರದ ಚೀಲ ಯಾವಾಗ ಬರುತ್ತವೆ ಎಂದು ಕೇಳಿದರು. ಅವರ ಮುಖಕ್ಕೆ ಉಗುಳಿ ನೌಕರಿ ಬಿಟ್ಟು ಬರಬೇಕಿತ್ತು. ಮುಂದಿನ ಸೋಮವಾರ ಬರುತ್ತವೆ ಎಂದು ಹೇಳಿದೆ.

1969ರ ಬೇಸಿಗೆಯಲ್ಲಿ ಕಚೇರಿಯ ಬೀಜ ಬೇಕಾದವರ ಪಟ್ಟಿ ಮಾಡಲು ಹೋದೆ. ಈ ಸಲ ಹಟ ಹಿಡಿದು ಕಟ್ಟೆಯ ಮೇಲೆ ಕೂಡದೆ ಕೆಳಗೆ, ಬೇವಿನ ಗಿಡದಡಿ ಕೂತೆ. ಇಪ್ಪತ್ತೆರಡು ಮನೆಯವರೂ ಬಂದು ಬರೆಸಿದರು. ಎಲ್ಲರೂ ಹೋದ ಮೇಲೆ ಉಡಚವ್ವ ಬಂದಳು, ದೂರದಲ್ಲೇ ನಿಂತಳು.

"ನನ್ನ ಹೆಸರೂ ಬರಕೊಳ್ರಿ, ರಾಯರ. ಎರಡು ಎಕರೆ."

ಎರಡು ಎಕರೆಗೆ ಎಷ್ಟು ಬೀಜ ಎಂದು ಆಕೆಗಿಂತ ಚೆನ್ನಾಗಿ ಬಲ್ಲವರು ಆ ಸೀಮೆಯಲ್ಲಿರಲಿಲ್ಲ. ಆ ಗೌರವವನ್ನಾದರೂ ಕೊಡೋಣವೆಂದು ಎಷ್ಟು ಬರೆಯಲಿ ಎಂದು ಕೇಳಿದೆ.

"ನೀವು ಎಷ್ಟು ಅಂತೀರಿ ಅಷ್ಟು" ಎಂದಳು. "ಬೀಜದ್ದು ನನಗೇನ ತಿಳೀತೈತ್ರಿ."