ಕಪ್ಪು ಉಲ್ಲನ್ನಿನ ಜಡೆ

ನಮ್ಮವ್ವ ತಲೆ ಮೇಲಿನ ಹುಲ್ಲಿನ ಹೊರೆಯನ್ನು ಕೈಬಿಟ್ಟದ್ದನ್ನು ನಾನು ನೋಡಿದ್ದು ಒಂದೇ ಸಲ. ಹೊರೆ ಇಳಿಸಬೇಕಾದರೆ ಯಾರನ್ನಾದರೂ ಕೂಗಿ, ಒಂದು ಕೈ ಹಿಡಿಸಿಕೊಂಡು, ಮೆಲ್ಲಗೆ ಗೋಡೆಗೆ ಒರಗಿಸುವವಳು ಅವಳು. ಆವತ್ತು ಪಣಕಹಳ್ಳಿಯ ನಮ್ಮ ಮನೆ ಮುಂದೆ ಅದು ದೊಪ್ಪೆಂದು ಬಿತ್ತು. ಜಗಲಿಯ ಮೇಲೆ ಮೊಮ್ಮಗಳು ಬೆನ್ನು ತಿರುಗಿಸಿ ನಿಂತಿದ್ದಳು. ಆ ಬೆನ್ನಿನ ಮೇಲೆ ಸೊಂಟದವರೆಗೆ ಕಪ್ಪು ಜಡೆ ಇಳಿಬಿದ್ದಿತ್ತು. ಮೂರೇ ವಾರದ ಹಿಂದೆ ಅದೇ ತಲೆಯನ್ನು ಮಾದಪ್ಪನ ಬೆಟ್ಟದಲ್ಲಿ ಬೋಳಿಸಿ ಕರೆತಂದಿದ್ದವಳು ಅವ್ವನೇ.

ಜಡೆ ಹೆಣೆದವಳು ನಾನು.

ಊರಿಗೆ ಮೊಬೈಲು ಒಂದೋ ಎರಡೋ ಬಂದಿದ್ದ ಕಾಲ ಅದು. ನನಗಿನ್ನೂ ಮದುವೆಯಾಗಿರಲಿಲ್ಲ. ತಾಳವಾಡಿಯ ಟೈಲರಿಂಗ್ ಕ್ಲಾಸಿನಲ್ಲಿ ಸೀರೆಗೆ ಕುಚ್ಚು ಹಾಕುವುದನ್ನು ಕಲಿಯಲು ಹೋದವಳು ಉಲ್ಲನ್ ಹೆಣೆಯುವ ಕ್ರೋಶಾ ಕಡ್ಡಿಗೆ ಮರುಳಾಗಿಬಿಟ್ಟಿದ್ದೆ. ಅತ್ತಿಗೆ ಎರಡನೆಯ ಬಾಣಂತನಕ್ಕೆ ತೌರಿಗೆ ಹೋಗಿದ್ದಳು. ಏಳು ವರ್ಷದ ಅಣ್ಣನ ಮಗಳು ನನ್ನ ಪಾಲಿಗಿದ್ದಳು. ಹೊರಡುವಾಗ ಅತ್ತಿಗೆ ನನ್ನ ಕೈ ಹಿಡಿದು, "ಮೊಗ ಜೋಪಾನ ಕಣವ್ವ, ನಿನ್ನೇ ನಂಬೀವ್ನಿ" ಅಂದಿದ್ದಳು. ಹಿಂದಿನ ಮಳೆಗಾಲ ಆ ಕೂಸು ಜ್ವರದಲ್ಲಿ ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. ಚಾಮರಾಜನಗರದ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅವ್ವ ಹರಕೆ ಕಟ್ಟಿಕೊಂಡಿದ್ದಳು: ಮಗು ಎದ್ದರೆ ಮುಡಿ ನಿನಗೇ ಮಾದಪ್ಪ, ಅಂತ. ಎದ್ದಳು. ಕೊಟ್ಟೆವು.

ನಮ್ಮ ಬೀದಿಯ ಪುಟ್ಟ ಹೆಣ್ಣುಮಕ್ಕಳ ಮದುವೆಯಾಟಕ್ಕೆ ನನ್ನ ಜಗಲಿಯೇ ಚಪ್ಪರ. ಅವರ ವೇಷದ ಸಾಮಾನನ್ನೆಲ್ಲ ನಾನು ಉಲ್ಲನ್ನಿನಲ್ಲಿ ಹೆಣೆದುಕೊಡುತ್ತಿದ್ದೆ. ಬಾಸಿಂಗ, ಹಾರ, ತೋಳಿಗೆ ಬಂದಿ, ಗಂಡಿಗೆ ಕಿವಿಗೆ ಸಿಕ್ಕಿಸಿಕೊಳ್ಳುವ ಮೀಸೆ. ದಿನಾ ಸಾಯಂಕಾಲ ಯಾರು ಹೆಣ್ಣು ಎನ್ನುವುದಕ್ಕೆ ಜಗಳ. ಬೆಟ್ಟದಿಂದ ಬಂದಮೇಲೆ ನಮ್ಮ ಕೂಸಿಗೆ ಜಗಳವಾಡುವ ಹಕ್ಕೂ ಹೋಯಿತು.

"ಬೋಳ್ಗುಂಡ ಎಲ್ಲಾರ ಎಣ್ಣಾದದಾ? ನೀ ಗಂಡು, ಮೀಸ ಕಟ್ಕ," ಅಂತ ಎದುರು ಮನೆಯ ಹುಡುಗಿ ತೀರ್ಪು ಕೊಟ್ಟುಬಿಟ್ಟಳು.

ಒಂದು ವಾರ ಕಟ್ಟಿಕೊಂಡಳು. ಎರಡನೆಯ ವಾರ ಮೀಸೆಯನ್ನು ನನ್ನ ಮಡಿಲಿಗೆ ಎಸೆದು, "ಅತ್ತೇ, ಜಡೆ ಇಲ್ದೋರು ಎಣ್ಣಾಗಂಗಿಲ್ವಂತೆ" ಅಂದಳು. ಅಳಲಿಲ್ಲ. ಅತ್ತಿದ್ದರೆ ಬೆಲ್ಲ ಕೊಟ್ಟು ಸುಮ್ಮನಿರಿಸುತ್ತಿದ್ದೆನೇನೋ.

ನಾಲ್ಕು ದಿನ ಕೂತು ಹೆಣೆದೆ. ತಲೆಗೆ ಹಿಡಿಯುವಂಥ ಟೊಪ್ಪಿ, ಅದರಿಂದ ಇಳಿಯುವ ಮೂರು ಎಳೆ, ಮೂರನ್ನೂ ಸೇರಿಸಿ ಜಡೆ. ದಿನಾ ಎಣ್ಣೆ ಹಚ್ಚಿ ಬಾಚಿದ ಕೈಗೆ ಆ ಕೂದಲಿನ ದಪ್ಪ ಎಷ್ಟಿತ್ತು, ಉದ್ದ ಎಷ್ಟಿತ್ತು, ತುದಿಯಲ್ಲಿ ಹೇಗೆ ಸಣ್ಣಗಾಗುತ್ತಿತ್ತು ಎಲ್ಲ ನೆನಪಿತ್ತು. ಹಾಗೇ ಬರಬೇಕು ಅಂತ ಎರಡು ಸಲ ಬಿಚ್ಚಿ ಹೆಣೆದೆ. ಬಂತು. ಅದೇ ನಾನು ಮಾಡಿದ ತಪ್ಪು.

"ಯಾರಮ್ಮಿ ಮಾಡ್ದವ್ರು ಇದ್ನ?" ಅವ್ವ ಬಿದ್ದ ಹೊರೆಯನ್ನು ದಾಟಿ ಬಂದಳು.

"ನಾನೇ ಕಣವ್ವ. ಆಟಕ್ಕ."

"ಆಟಕ್ಕ! ದ್ಯಾವ್ರ್ಗ ಕೊಟ್ಟಿದ್ದ ಈಸ್ಕೊಂಡು ತಲೆಗ ಕಟ್ಟೀಯಲ್ಲ, ಇದು ಆಟ್ವಾ?"

"ಉಲ್ಲನ್ನು ಕಣವ್ವ ಅದು, ಕೂದ್ಲಲ್ಲ."

"ಇಲ್ಲೇ ನಿಂತು ನೋಡ್ದ ನನ್ಗೇ ಗೊತ್ತಾಗ್ನಿಲ್ಲ. ಮಾದಪ್ಪ ಅಷ್ಟು ದೂರ್ದಿಂದ ನೋಡೋನು. ಅವನ್ಗ ಎಂಗ ಗೊತ್ತಾದದು?"

ನಗು ಬಂತು, ನುಂಗಿಕೊಂಡೆ. ಅವ್ವನ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. ಮಗುವಿನ ತಲೆಯಿಂದ ಜಡೆಯನ್ನು ತೆಗೆದು, ನನಗೆ ಕೊಡದೆ, ಜಗಲಿಯ ಕಂಬದ ಮೊಳೆಗೆ ತೂಗುಹಾಕಿ ಒಳಗೆ ಹೋದಳು.

ಮಾರನೆಯ ಬೆಳಗ್ಗೆ ಕೂಸು ಏಳಲಿಲ್ಲ. ಮುಟ್ಟಿದರೆ ಮೈ ಬೆಂಕಿ.

ಅವ್ವ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ದೇವರ ಮುಂದಿಟ್ಟಳು, ಮಗುವಿನ ಹಣೆಗೆ ವಿಭೂತಿ ಬಳಿದಳು, ಮೊಳೆಯಲ್ಲಿದ್ದ ಜಡೆಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಚೀಲಕ್ಕೆ ಹಾಕಿದಳು. "ಇದು ಮನೇಲಿ ಇರಾದು ಬ್ಯಾಡ" ಅಂದಳು, ಅಷ್ಟೆ. ಅಣ್ಣ ಮೊಪೆಡ್ಡು ತೆಗೆದ. ನಮ್ಮಿಬ್ಬರ ನಡುವೆ ಮಗು, ನನ್ನ ಹೆಗಲಿಗೆ ಮುಖವಿಟ್ಟು. ತಾಳವಾಡಿ ಮುಟ್ಟುವವರೆಗೆ ಅವಳ ಉಸಿರು ನನ್ನ ಕುತ್ತಿಗೆಗೆ ಬಿಸಿಯಾಗಿ ತಾಗುತ್ತಲೇ ಇತ್ತು. ಅತ್ತಿಗೆಗೆ ಏನು ಹೇಳಲಿ? ಜ್ವರ ಬಂತು ಅನ್ನಲೇ, ನಾನು ತರಿಸಿದೆ ಅನ್ನಲೇ?

ಆಸ್ಪತ್ರೆಯ ನರ್ಸಮ್ಮ ತಮಿಳಿನವರು. "ರತ್ತಂ ಎಡುಕ್ಕಣುಂ" ಅಂತ ಮಗುವಿನ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು, ಕಾಯಿರಿ ಎಂದು ಬೆಂಚು ತೋರಿಸಿದರು. ಅಣ್ಣ ಎಳನೀರು ಹುಡುಕಿಕೊಂಡು ಹೋದ. ಮಗು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಆ ಬೋಳು ತಲೆಯಲ್ಲಿ ಆಗತಾನೇ ಮೊಳೆಯುತ್ತಿದ್ದ ಕೂದಲು ಬೆವರಿಲ್ಲದೆ ಒಣಗಿ ಚುಚ್ಚುತ್ತಿತ್ತು.

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ ಅಂದುಕೊಂಡಿದ್ದೆ. ಆದರೂ ಕೈ ಚೀಲದೊಳಗೆ ಹೋಯಿತು.

ಕ್ರೋಶಾ ಹೆಣಿಗೆಯ ಗುಣವೇ ಅದು. ಎಷ್ಟೇ ಬಿಗಿಯಾಗಿ ಹೆಣೆದಿರಲಿ, ಕೊನೆಯ ಗಂಟು ಬಿಚ್ಚಿ ಎಳೆದರೆ ಅಷ್ಟೂ ಜರಜರನೆ ಬಂದುಬಿಡುತ್ತದೆ. ಮೊದಲ ಎಳೆ ಬಿಚ್ಚಿ ಅಂಗೈಗೆ ಸುತ್ತಿಕೊಂಡೆ. ಎರಡನೆಯದನ್ನೂ ಬಿಚ್ಚಿದೆ. ಪ್ರತಿ ಸುತ್ತಿಗೂ ಮಗುವಿನ ಹಣೆ ಮುಟ್ಟಿ ನೋಡುವುದು, ಮತ್ತೆ ಸುತ್ತುವುದು. ಹಣೆ ಹಾಗೇ ಸುಡುತ್ತಿತ್ತು. ಮೂರನೆಯ ಎಳೆಗೆ ಕೈಹಾಕುವಾಗ ನೋಡಿದರೆ ಮಗು ಕಣ್ಣು ಬಿಟ್ಟುಕೊಂಡಿದೆ.

"ಯಾಕತ್ತೆ ಬಿಚ್ಚೀಯ?"

"ಜ್ವರ ಬುಡ್ಲಿ ಅಂತ ಕಣವ್ವ."

ಸ್ವಲ್ಪ ಹೊತ್ತು ದಾರ ಓಡುವುದನ್ನೇ ನೋಡಿದಳು. ಆಮೇಲೆ, "ಬುಡು ಅತ್ತೆ, ನಾ ಮೀಸೆನೇ ಕಟ್ಕತೀನಿ," ಅಂದಳು.

ನನ್ನ ಕೈ ನಿಂತಿತು. ಅದುವರೆಗೆ ಹಿಡಿದುಕೊಂಡಿದ್ದ ಅಳು ಆಗ ಬಂತು, ಅಷ್ಟು ಜನರ ಮುಂದೆ. ನರ್ಸಮ್ಮ ಓಡಿಬಂದು ಮಗುವಿಗೇನೋ ಆಯಿತೆಂದು ನಾಡಿ ಹಿಡಿದು ನೋಡಿ, ನನ್ನನ್ನೇ ಗದರಿದರು.

ಗಂಟಲು ಊದಿದೆ, ಅದರ ಜ್ವರ, ಅಂದರು ಡಾಕ್ಟರು. ಮಾತ್ರೆ ಕೊಟ್ಟು, ನಾಳೆಗೆ ಇಳಿಯದಿದ್ದರೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎಂದೂ ಸೇರಿಸಿದರು. ದೊಡ್ಡ ಆಸ್ಪತ್ರೆ ಅಂದಾಗ ನನಗೆ ಕಂಡದ್ದು ಚಾಮರಾಜನಗರದಲ್ಲಿ ಅವ್ವ ಹರಕೆ ಕಟ್ಟಿಕೊಂಡ ಆ ಮೆಟ್ಟಿಲೇ. ಮಾರನೆಯ ದಿನ ಬೆಳಗ್ಗೆಯೂ ಇಳಿದಿರಲಿಲ್ಲ. ಅಣ್ಣ ಹೊರಡಲು ಬಟ್ಟೆ ಗಂಟು ಕಟ್ಟಿದ್ದ. ಹನ್ನೆರಡರ ಬಸ್ಸಿಗೆ ಇನ್ನೇನು ಎಬ್ಬಿಸಬೇಕು ಅನ್ನುವಷ್ಟರಲ್ಲಿ ಮಗುವಿನ ಕುತ್ತಿಗೆಯ ಹಿಂದೆ ಒದ್ದೆಯಾಗಿತ್ತು. ನೋಡುತ್ತಿದ್ದಂತೆ ಹಣೆ, ಎದೆ, ಎಲ್ಲ ಬೆವರಿತು. ಎದ್ದು ಕೂತು ಗಂಜಿ ಕೇಳಿದಳು.

"ಬಿಚ್ಚಿದ್ಕ ಬುಡ್ತು ನೋಡು," ಅಂದಳು ಅವ್ವ, ನನ್ನ ಚೀಲದಲ್ಲಿದ್ದ ಬಿಚ್ಚಿದ ದಾರ ತೋರಿಸಿ.

"ಮಾತ್ರೆಗೆ ಬುಡ್ತು," ಅಂದೆ ನಾನು.

"ಮಾತ್ರೆ ಕೊಟ್ಟೋನ್ಗ ಬುದ್ಧಿ ಕೊಟ್ಟೋನ್ಯಾರು?"

ಗಂಜಿ ಕುಡಿಯುತ್ತಿದ್ದ ಮಗು ನಡುವೆ ಬಾಯಿ ಹಾಕಿತು: "ಅಜ್ಜೀ, ನನ್ಗ ಜಡೆ ಬ್ಯಾಡ. ನಾ ಗಂಡೇ ಆಯ್ತೀನಿ. ಮಾದಪ್ಪನ್ಗ ಏಳ್ಬುಡು."

ಅವ್ವ ಬಟ್ಟಲು ತೊಳೆಯುವ ನೆವದಲ್ಲಿ ಎದ್ದುಹೋದಳು. ಮೂರನೆಯ ದಿನ ಬೆಳಗಿನ ಬಸ್ಸಿಗೆ ತಾಳವಾಡಿಗೆ ಹೋದವಳು ಮಧ್ಯಾಹ್ನ ಬಂದು, ಸೆರಗಿನಿಂದ ಎರಡು ಉಲ್ಲನ್ ಉಂಡೆ ತೆಗೆದು ನನ್ನ ಮುಂದೆ ಉರುಳಿಸಿದಳು. ಒಂದು ಗಿಣಿಹಸಿರು, ಒಂದು ಹಳದಿ.

"ಜಡೆ ಎಣಿ. ಯಾರು ನೋಡುದ್ರೂ ಆಟದ್ದು ಅನ್ಬೇಕು. ಮಾದಪ್ಪ ನೋಡುದ್ರೂವೆ."

"ಇಂಥ ಬಣ್ಣದ ಜಡೆ ಯಾರ್ಗವ್ವ ಅದ?"

"ಯಾರ್ಗೂ ಇಲ್ಲ. ಅದ್ಕೇ ತಂದಿರಾದು. ಬಾಯ್ಮುಚ್ಕಂಡು ಎಣಿ."

ಎರಡೇ ದಿನದಲ್ಲಿ ಮುಗಿಸಿದೆ. ಈ ಸಲ ಅಳತೆ ನೋಡಲಿಲ್ಲ. ಎಳೆಗಳು ಒಂದು ದಪ್ಪ ಒಂದು ಸಣ್ಣ, ಜಡೆ ಮೊಣಕಾಲಿನವರೆಗೆ. ಕೂಸು ಅದನ್ನು ಹಾಕಿಕೊಂಡು ಹಸೆಯ ಮೇಲೆ ಕೂತಿತು. ಎದುರು ಮನೆಯ ಹುಡುಗಿ ಗಿಣಿಜಡೆ ನೋಡಿ ಬಾಯಿ ತೆರೆದದ್ದೇ, ತನಗೂ ಒಂದು ಬೇಕೆಂದು ನನ್ನ ಸೆರಗು ಹಿಡಿದಳು. "ಇವತ್ತು ಮೀಸ ಕಟ್ಕ, ನಾಳ ನೋಡವು" ಅಂದೆ. ಕಟ್ಟಿಕೊಂಡಳು.

ಅವ್ವ ಕಂಬಕ್ಕೆ ಒರಗಿ ಅಕ್ಷತೆ ಹಾಕಿದಳು. ಹಾಕಿದ ಕೈಯಿಂದಲೇ ಕೂಸಿನ ಕುತ್ತಿಗೆ ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತಿಗೆ ಏನೋ ನೆವ ಮಾಡಿಕೊಂಡು ಮತ್ತೆ ಬಂದು ಮುಟ್ಟಿದಳು. ತಣ್ಣಗಿದೆ ಎನ್ನುವಂತೆ ನನ್ನ ಕಡೆ ತಲೆಯಾಡಿಸಿ ಒಳಗೆ ಹೋದಳು.

ಅವಳು ಹೋದದ್ದನ್ನು ನೋಡಿಕೊಂಡು ನಾನೂ ಎದ್ದು ಹೋಗಿ ಮುಟ್ಟಿ ನೋಡಿದೆ.