ಅರ್ಧ ಸೂರ್ಯ

ಆ ಬೀದಿಯ ಯಾವ ಗೇಟು ನೋಡಿದರೂ ಎಲ್ಲರೂ 'ಗೇಟಿನ ಮಾವ' ಎಂದು ಕರೆಯುವ ವೆಲ್ಡರ್ ಬೆಸೆದ, ಕಿರಣ ಹರಡಿದ ಕಬ್ಬಿಣದ ಸೂರ್ಯನೇ. ಒಂದು ಕದಕ್ಕೆ ಅರ್ಧ, ಇನ್ನೊಂದು ಕದಕ್ಕೆ ಅರ್ಧ. ಎರಡೂ ಮುಚ್ಚಿದರೆ ಪೂರ್ತಿ ಬಿಂಬ. ಯಾರಾದರೂ ತೆರೆದಿಟ್ಟು ಹೋದರೆ ಮಾವ ಕೆಂಡ ತುಳಿದವನಂತೆ ಕೂಗುತ್ತಾನೆ: "ಏನಮ್ಮಾ, ಸೂರ್ಯನ್ನ ಸೀಳಿಟ್ಟು ಎಲ್ಲಿಗೆ ಹೊರಟೆ? ಮುಚ್ಚು!" "ನಿಮ್ಮನೇದು ಅರ್ಧಾನೇ ಅಲ್ವಾ ಮಾವ?" ಎಂದು ಎದುರುಮನೆ ಸೊಸೆ ಕಿಚಾಯಿಸಿದರೆ ಮಾತ್ರ ಒಳಗೆ ಹೊರಟುಬಿಡುತ್ತಾನೆ. ಮನೆ ಪಾಲಾದಾಗ ಅವನಣ್ಣ ಹಠ ಹಿಡಿದು ಒಂದು ಕದ ಕಿತ್ತೊಯ್ದು ಪಕ್ಕದ ತನ್ನ ಪಾಲಿಗೆ ಹಾಕಿಕೊಂಡಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. "ಕಿತ್ತವನೇ ತಂದು ಕೂಡಿಸ್ಲಿ" ಎನ್ನುತ್ತಲೇ ಮಾವ, ತನ್ನ ಗೇಟಿನ ಕಂಬದಲ್ಲಿ ಉಳಿದಿದ್ದ ಆ ಕದದ ಖಾಲಿ ಕೀಲುಗಳು ತುಕ್ಕು ಹಿಡಿಯದಂತೆ ಎಣ್ಣೆ ಹಾಕುತ್ತಿದ್ದ. ಮೊನ್ನೆ ಅಣ್ಣನ ಹೆಣ ಹೊರಟಾಗ ಆ ಕದ ಗಾಳಿಗೆ ಮತ್ತೆ ಮತ್ತೆ ಅಡ್ಡ ಬರುತ್ತಿತ್ತು. ಕೊನೆಗೆ ಬೆನ್ನು ಕೊಟ್ಟು ಅದನ್ನು ತೆರೆದು ಹಿಡಿದು ನಿಂತವನು ಮಾವನೇ.