ಸಿಗರೇಟು ಬಿಟ್ಟ ತಮ್ಮ

ಇಸ್ತ್ರಿ ಅಂಗಡಿಯ ಅಕ್ಕನಿಗೆ ಮೂಗು ಬಲು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ತಮ್ಮ ಸಿಗರೇಟು ಸೇದಿ ಒಳಗೆ ಕಾಲಿಡುವುದೇ ತಡ, ರಂಪ ಶುರುವಾಗುತ್ತಿತ್ತು. ವರ್ಷಗಟ್ಟಲೆ ನಡೆದ ಈ ಜಗಳದಲ್ಲಿ ಕೊನೆಗೆ ಗೆದ್ದವಳು ಅವಳೇ. ಗಿರಾಕಿಯೊಬ್ಬರ ಹೊಸ ಕೋಟಿನ ಮೇಲೆ ಕಿಡಿ ಬಿದ್ದು ತೂತಾದ ದಿನ ತಮ್ಮ ಪ್ಯಾಕೆಟ್ಟನ್ನೇ ಮೋರಿಗೆಸೆದ. ಅಕ್ಕ ಬೀಗಿದ್ದೇ ಬೀಗಿದ್ದು.

ತಮ್ಮನದು ಕಿವಿಯೊಳಗೆ ಯಾರೋ ಬೈಯುವ ಕಾಯಿಲೆ. ಬೇರೆ ಯಾವ ಮದ್ದಿಗೂ ಜಗ್ಗದ ಆ ದನಿಗಳು ಕ್ಲೋಜಪೀನ್ ಮಾತ್ರೆಗೆ ಬಾಯಿ ಮುಚ್ಚಿದ್ದವು. ಅದರಿಂದಲೇ ಅವನು ಇಸ್ತ್ರಿಪೆಟ್ಟಿಗೆ ಹಿಡಿದು ನಾಲ್ಕು ಜನರಂತೆ ದುಡಿಯುತ್ತಿದ್ದ.

ಸಿಗರೇಟು ಬಿಟ್ಟ ಕೆಲವೇ ದಿನಕ್ಕೆ ನಿಂತಲ್ಲೇ ತೂಕಡಿಸತೊಡಗಿದ. ಜೊಲ್ಲು ಸುರಿದು ದಿಂಬು ಒದ್ದೆಯಾಗುತ್ತಿತ್ತು, ಮಾತು ತೊದಲುತ್ತಿತ್ತು. ಅಕ್ಕ ಗಾಬರಿಯಿಂದ ಕೇಳಿದಳು.

"ನಿಜ ಹೇಳು, ಮಾತ್ರೆ ಜಾಸ್ತಿ ನುಂಗ್ತಿದ್ದೀಯಾ?"

"ಇಲ್ಲಕ್ಕಾ. ನೀನೇ ತಾನೇ ಕೊಡೋದು."

ನಿಜವೇ. ಡಬ್ಬಿಯ ಬೀಗದ ಕೈ ಅವಳ ಬಳಿಯೇ ಇತ್ತು. ಮರುದಿನ ಅಂಗಿಯ ಕಾಲರ್ ತೀಡುತ್ತಿದ್ದವನು ಸೆಟೆದು ಬಿದ್ದ. ಕೈಕಾಲು ಪಟಪಟ ಬಡಿದುಕೊಂಡವು. ಬಟ್ಟೆ ಸುಟ್ಟ ವಾಸನೆ ಅಂಗಡಿಯನ್ನು ತುಂಬಿತು. ಅಕ್ಕ ಪ್ಲಗ್ ಕಿತ್ತು, ಎದುರು ಗ್ಯಾರೇಜಿನವನ ವ್ಯಾನಿನಲ್ಲಿ ತಮ್ಮನನ್ನು ಆಸ್ಪತ್ರೆಗೆ ಹೊತ್ತೊಯ್ದಳು.

"ಇತ್ತೀಚೆಗೆ ಏನಾದ್ರೂ ಬದಲಾಗಿದೆಯಾ? ಬೇರೆ ಔಷಧಿ?" ಎಂದು ಡಾಕ್ಟರು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ. ಒಳ್ಳೇದೇ ಆಗಿದೆ, ಸಿಗರೇಟು ಬಿಟ್ಟಿದ್ದಾನೆ."

ಡಾಕ್ಟರ ಪೆನ್ನು ನಿಂತಿತು. "ನಮಗೆ ಮೊದಲೇ ಹೇಳ್ಬೇಕಿತ್ತಲ್ಲಮ್ಮಾ! ಈ ಮಾತ್ರೆನ ಕರಗಿಸೋದು ಲಿವರ್‌ನಲ್ಲಿರೋ ಕಿಣ್ವ. ಸಿಗರೇಟಿನ ಹೊಗೆ ಆ ಕಿಣ್ವನ ಹೆಚ್ಚಿಸುತ್ತೆ, ಮಾತ್ರೆ ಬೇಗ ಖರ್ಚಾಗುತ್ತೆ. ಅದಕ್ಕೇ ದೊಡ್ಡ ಡೋಸ್ ಬೇಕಾಗಿತ್ತು. ಹೊಗೆ ನಿಂತ್ಮೇಲೆ ಕಿಣ್ವ ಇಳೀತು, ಡೋಸ್ ಹಾಗೇ ಉಳೀತು. ಔಷಧಿ ರಕ್ತದಲ್ಲಿ ತುಂಬ್ಕೊಂಡ್ಬಿಟ್ಟಿದೆ."

ಇಸ್ತ್ರಿ ಮಾಡುವ ಕೈ ಕಡಿಮೆಯಾಗಿ ಬಟ್ಟೆ ಮಾತ್ರ ಬರುತ್ತಲೇ ಇದ್ದರೆ ಏನಾಗುತ್ತದೆಂದು ಅಕ್ಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾನೇ ಹಟ ಹಿಡಿದು ಸಿಗರೇಟು ಬಿಡಿಸಿದೆನಲ್ಲ ಎಂದುಕೊಂಡಳು.

"ಹಾಗಾದ್ರೆ ಮತ್ತೆ ಸೇದ್ಲಿ ಅಂತೀರಾ?"

"ಖಂಡಿತ ಬೇಡ. ಡೋಸ್ ಇಳಿಸ್ತೀವಿ. ಆದ್ರೆ ಯಾವತ್ತಾದ್ರೂ ಮತ್ತೆ ಶುರು ಮಾಡಿದ್ರೆ ಮುಚ್ಚಿಡ್ಬೇಡಿ. ಚಿಕ್ಕ ಡೋಸ್ ಸಾಲದೆ ಆ ದನಿಗಳು ವಾಪಸ್ ಬರಬಹುದು."

ತಮ್ಮ ಚೇತರಿಸಿಕೊಂಡು ಮನೆಗೆ ಬಂದ. ಅಕ್ಕ ದಿನವೂ ಅವನ ಅಂಗಿಯನ್ನು ಕದ್ದು ಮೂಸುವಳು. ಒಂದು ಸಂಜೆ ಮೂಸುವ ಮೊದಲೇ ಅವನು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

"ಅಕ್ಕಾ, ನಿನ್ನೆಯಿಂದ ಮತ್ತೆ ಸೇದ್ತಿದ್ದೀನಿ."

ಅಕ್ಕನ ನಾಲಿಗೆ ತುದಿಗೆ ಬೈಗುಳದ ಸಾಲೇ ಬಂದು ನಿಂತಿತು. ಅಷ್ಟನ್ನೂ ನುಂಗಿಕೊಂಡಳು. "ಕಿವಿಯಲ್ಲಿ ಯಾರಾದ್ರೂ ಬೈತಿದ್ದಾರೇನೋ?"

"ಇನ್ನೂ ಇಲ್ಲ. ನೀನು ಬೈತೀಯ ಅಂತಲೇ ಭಯ."

"ಬೈಯಲ್ಲ ಕಣೋ. ಬಾ, ಕೂತ್ಕೋ" ಎನ್ನುತ್ತ ಅಕ್ಕ ಡಾಕ್ಟರಿಗೆ ಫೋನ್ ಹಚ್ಚಿದಳು.